ತಪ್ಪು ಮಾಡಿದ್ದು ಮಗುವಾದಾಗ ನೊಂದವರ ಜೊತೆ ನಿಲ್ಲುವುದು ಹೇಗೆ

ಮಲ್ಪೆಯಲ್ಲಿ ಮೀನು ಮಾರುವ ಹೆಂಗಸೊಬ್ಬರ ಇಡೀ ದಿನದ ದುಡಿಮೆಯ ಚೀಲವನ್ನು ಹದಿನೈದು ವರ್ಷದ ಹುಡುಗನೊಬ್ಬ ಎಗರಿಸಿದ ಎಂದು ಭಾವಿಸೋಣ. ಹುಡುಗ ಸಿಕ್ಕಿಬಿದ್ದ ಕ್ಷಣದಿಂದ ಅವನ ವಯಸ್ಸು, ಶಾಲೆ, ಮನೆಯ ಸ್ಥಿತಿ ಎಲ್ಲವನ್ನೂ ವಿಚಾರಿಸುವವರು ಇರುತ್ತಾರೆ. ಹಾಗೆ ವಿಚಾರಿಸುವುದು ಸರಿಯೂ ಹೌದು. ಆದರೆ ಠಾಣೆಯ ಬೆಂಚಿನ ಮೇಲೆ ಬರಿಗೈಯಲ್ಲಿ ಕುಳಿತ ಆ ಅಮ್ಮನಿಗೆ ಮುಂದೇನು ಎಂದು ಹೇಳುವವರು ಹೆಚ್ಚಾಗಿ ಇರುವುದಿಲ್ಲ. ಅವರ ಪಕ್ಕದಲ್ಲಿ ಕುಳಿತುಕೊಳ್ಳಲು ಮನಸ್ಸಿರುವ ನೆರೆಯವರು, ಶಿಕ್ಷಕರು, ಮಹಿಳಾ ಮಂಡಲದವರು ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಕೇಳಿಸಿಕೊಳ್ಳುವುದೇ ಮುಖ್ಯ ಕೆಲಸ. "ಚೀಲವನ್ನು ಅಲ್ಲೇಕೆ ಇಟ್ಟಿರಿ" ಎಂಬ ಪ್ರಶ್ನೆ ನೊಂದವರನ್ನೇ ತಪ್ಪಿತಸ್ಥರನ್ನಾಗಿ ಮಾಡುವುದರಿಂದ ಅದನ್ನು ನೀವೂ ಕೇಳಬೇಡಿ, ಬೇರೆಯವರು ಕೇಳಲೂ ಬಿಡಬೇಡಿ. ನಡೆದದ್ದನ್ನು ಅವರು ಹೇಳಿದ ಕ್ರಮದಲ್ಲಿಯೇ, ತುಳುವಿನಲ್ಲಿ ಹೇಳಿದರೆ ತುಳುವಿನ ಮಾತುಗಳನ್ನೇ ಉಳಿಸಿಕೊಂಡು, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡಿ. ಮೈಗೆ ಪೆಟ್ಟಾಗಿದ್ದರೆ ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಗಾಯಗಳು ದಾಖಲಾಗುವಂತೆ ನೋಡಿಕೊಳ್ಳಿ.

ಠಾಣೆಯಲ್ಲಿ ಹೆಚ್ಚಿನವರು ಎಡವುವುದು ಎಫ್‌ಐಆರ್ ವಿಷಯದಲ್ಲಿ. ಬಾಲ ನ್ಯಾಯದ 2016ರ ಮಾದರಿ ನಿಯಮಗಳ ಪ್ರಕಾರ, ಆರೋಪ ಘೋರ ಅಪರಾಧದ್ದಾಗಿದ್ದರೆ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸವಾಗಿರುವಂಥದ್ದು) ಅಥವಾ ವಯಸ್ಕರೊಡನೆ ಸೇರಿ ಮಾಡಿದ್ದಾಗಿದ್ದರೆ ಮಾತ್ರ ಮಗುವಿನ ವಿರುದ್ಧ ಎಫ್‌ಐಆರ್ ದಾಖಲಾಗುತ್ತದೆ. ಉಳಿದ ಪ್ರಕರಣಗಳಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯು ಮಾಹಿತಿಯನ್ನು ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ, ಹದಿನೆಂಟು ತುಂಬದವರ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಗೆ ಕಳುಹಿಸುತ್ತಾರೆ. ಇದು ತಿಳಿಯದಿದ್ದರೆ "ನನ್ನ ದೂರನ್ನು ಕಸದ ಬುಟ್ಟಿಗೆ ಹಾಕಿದರು" ಎಂದು ನೊಂದವರು ಅಲ್ಲಿಯೇ ಕುಸಿದುಬಿಡುತ್ತಾರೆ. ಆದ್ದರಿಂದ ಠಾಣೆಗೆ ಹೋಗುವ ಮೊದಲೇ ಇದನ್ನು ವಿವರಿಸಿ, ದಿನಚರಿಯ ನಮೂದಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. 2015ರ ಬಾಲ ನ್ಯಾಯ ಕಾಯ್ದೆಯಂತೆ ವಿಚಾರಣೆ ಸಾಮಾನ್ಯವಾಗಿ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಬುದ್ಧಿವಾದ, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ಹೆತ್ತವರಿಂದ ದಂಡ, ಸನ್ನಡತೆಯ ಮೇಲೆ ಬಿಡುಗಡೆ, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದ ವಾಸ ಇವು ಮಂಡಳಿಯ ಮುಂದಿರುವ ದಾರಿಗಳು. ಈ ಪಟ್ಟಿಯಲ್ಲಿ ನೊಂದವರ ಹೆಸರೇ ಇಲ್ಲದಿರುವುದು ನನಗೆ ಬೇಸರದ ಸಂಗತಿ. ಹಾಗೆಂದು ಸುಮ್ಮನಿರಬೇಕಾಗಿಲ್ಲ: ಆದ ನಷ್ಟ, ಆ ಬಳಿಕ ಕಾಡುತ್ತಿರುವ ಭಯ, ತಮಗೆ ಏನು ಆಗಬೇಕೆಂಬ ಇಚ್ಛೆ ಇವುಗಳನ್ನು ಒಂದು ಪುಟದಲ್ಲಿ ಬರೆಸಿ, ಸಾಮಾಜಿಕ ತನಿಖಾ ವರದಿ ಸಿದ್ಧಪಡಿಸುವ ಪರಿವೀಕ್ಷಣಾಧಿಕಾರಿಗೂ ಮಂಡಳಿಗೂ ಕೊಡಿ. ಉಚಿತ ವಕೀಲರ ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೂ ಮಕ್ಕಳಿಗೂ ಈ ನೆರವು ಆದಾಯದ ಮಿತಿಯಿಲ್ಲದೆ ದೊರೆಯುತ್ತದೆ. ಸಹಾಯವಾಣಿ 15100. ಕರ್ನಾಟಕದ 2011ರ ಸಂತ್ರಸ್ತರ ಪರಿಹಾರ ಯೋಜನೆಯಡಿ ಅರ್ಜಿ ಹಾಕುವ ಬಗೆಗೂ ಅಲ್ಲಿಯೇ ವಿಚಾರಿಸಿ.

ಹುಡುಗನ ಫೋಟೊವನ್ನಾಗಲಿ ಹೆಸರನ್ನಾಗಲಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಸಿಟ್ಟು ಸಹಜವೇ, ಆದರೆ ಕಾಯ್ದೆಯ 74ನೇ ಕಲಮು ಇದನ್ನು ನಿಷೇಧಿಸಿದ್ದು, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಇನ್ನು ಮುಖಾಮುಖಿ ಮಾತುಕತೆಯ ವಿಷಯ. ನೊಂದವರೂ ತಪ್ಪು ಮಾಡಿದವರೂ ಎದುರುಬದುರು ಕುಳಿತು, ಆದ ಹಾನಿಯನ್ನು ಸರಿಪಡಿಸುವ ಬಗೆಗೆ ಮಾತಾಡುವ ಈ ಪದ್ಧತಿಗೆ ಪುನಃಸ್ಥಾಪಕ ನ್ಯಾಯ ಎನ್ನುತ್ತಾರೆ. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ, ಆಸ್ತಿ ಹಾಳುಮಾಡಿದ ಇಬ್ಬರು ಯುವಕರನ್ನು ನಷ್ಟ ಅನುಭವಿಸಿದವರ ಮನೆಬಾಗಿಲಿಗೇ ಕರೆದೊಯ್ದದ್ದು ಈ ಪದ್ಧತಿಯ ಆರಂಭಗಳಲ್ಲಿ ಒಂದು. 1989ರಲ್ಲಿ ನ್ಯೂಜಿಲೆಂಡ್, ಮಗುವಿನ ಮನೆಯವರೂ ನೊಂದವರೂ ಸೇರಿ ಮಾತಾಡುವ ಕುಟುಂಬ ಸಭೆಯನ್ನು ಮಕ್ಕಳ ನ್ಯಾಯದ ಕಾನೂನಿಗೇ ಸೇರಿಸಿತು. ನಮ್ಮ ಕರಾವಳಿಯಲ್ಲಿ ಇದನ್ನು ವಿವರಿಸುವಾಗ ಒಂದು ಅಪಾಯವಿದೆ: ಕೇಳಿದವರು ಕೂಡಲೇ ಇದನ್ನು ಪಂಚಾತಿಕೆ ಎಂದುಕೊಳ್ಳುತ್ತಾರೆ. ಊರಿನ ಹಿರಿಯರು ಸೇರಿ "ಪಾಪದ ಹುಡುಗ, ಬಿಟ್ಟುಬಿಡಿ ಅಕ್ಕಾ" ಎಂದು ಒಪ್ಪಿಸಿ ಕಳುಹಿಸುವ ರಾಜಿಯಲ್ಲಿ ನೊಂದವರು ಎರಡನೇ ಸಲ ಕಳೆದುಕೊಳ್ಳುತ್ತಾರೆ. ಪುನಃಸ್ಥಾಪಕ ನ್ಯಾಯದಲ್ಲಿ ಅವರು ಬೇಡವೆಂದರೆ ಮಾತು ಅಲ್ಲಿಗೆ ಮುಗಿಯಿತು. ಕಾರಣ ಹೇಳಬೇಕಾಗಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಅವರು ಒಪ್ಪಿದರೂ ಆತುರಪಡಬೇಡಿ. ಮಂಡಳಿಗೆ ತಿಳಿಸದೆ, ತರಬೇತಿ ಪಡೆದ ಆಪ್ತಸಮಾಲೋಚಕರಿಲ್ಲದೆ ಸಭೆ ಬೇಡ. ತೀರ್ಮಾನವಾಗದ ಪ್ರಕರಣದಲ್ಲಿ ಹುಡುಗ ಆಡಿದ ಮಾತು ಅವನಿಗೇ ಮುಳುವಾಗಬಹುದು. ಇಬ್ಬರನ್ನೂ ಬೇರೆ ಬೇರೆಯಾಗಿ, ಬೇಕಾದರೆ ಹಲವು ಸಲ ಭೇಟಿಯಾಗಿ, ಹುಡುಗ ತನ್ನ ತಪ್ಪನ್ನು ಸ್ವತಃ ಒಪ್ಪಿಕೊಂಡಿದ್ದಾನೆಯೇ ಅಥವಾ ಅಪ್ಪನ ಹೆದರಿಕೆಗೆ ತಲೆಯಾಡಿಸುತ್ತಿದ್ದಾನೆಯೇ ಎಂಬುದನ್ನು ಸಮಾಲೋಚಕರು ಖಚಿತಪಡಿಸಿಕೊಳ್ಳಬೇಕು. ಸ್ಥಳ ಠಾಣೆಯಾಗಬಾರದು, ದೈವಸ್ಥಾನದ ಅಂಗಳವೂ ಆಗಬಾರದು; ಅಲ್ಲಿ ಆಡಿದ ಮಾತು ಪ್ರಮಾಣವಾಗಿಬಿಡುತ್ತದೆ, ಆ ಭಾರಕ್ಕೆ ಇಬ್ಬರ ಬಾಯಿಯೂ ಕಟ್ಟುತ್ತದೆ. ಮೊದಲು ಯಾರು ಮಾತಾಡಬೇಕು, ಎಲ್ಲಿ ಕುಳಿತುಕೊಳ್ಳಬೇಕು, ಯಾವಾಗ ಎದ್ದುಹೋಗಬೇಕು ಎಂಬುದನ್ನು ನೊಂದವರೇ ನಿರ್ಧರಿಸಲಿ. ಆ ಹಣದಲ್ಲಿ ಸ್ವಸಹಾಯ ಸಂಘದ ಕಂತು ಕಟ್ಟಬೇಕಾಗಿತ್ತು ಎಂಬ ಮಾತನ್ನು ಹುಡುಗ ಆ ಅಮ್ಮನ ಬಾಯಿಂದಲೇ ಕೇಳಬೇಕು. ಹಣ ಮರಳಿಸುವ ಕ್ರಮವನ್ನು ಬರಹದಲ್ಲಿಡಿ. ಆದರೆ ದುಡಿದು ತೀರಿಸಲಿ ಎಂದು ಅವನನ್ನು ಬೋಟಿಗೆ ಕಳುಹಿಸುವ, ಶಾಲೆ ಬಿಡಿಸುವ ಷರತ್ತನ್ನು ಯಾರೇ ಹೇಳಿದರೂ ಒಪ್ಪಬೇಡಿ.

ಲೈಂಗಿಕ ಅಪರಾಧಗಳಲ್ಲಿ ಇಂತಹ ಭೇಟಿಯನ್ನು ಏರ್ಪಡಿಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೊಂದದ್ದು ಮಗುವಾಗಿದ್ದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ಪಡೆಯಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪ್ರಕರಣದುದ್ದಕ್ಕೂ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿಯಿಂದ ಕೇಳಿ ಪಡೆಯಿರಿ.

ಸಭೆಯಾದ ತಿಂಗಳ ನಂತರ ಆ ಅಮ್ಮನ ಬಳಿಗೆ ಮತ್ತೆ ಹೋಗಿ. ಕಂತು ಬಂತೇ, ನಿದ್ದೆ ಬರುತ್ತಿದೆಯೇ, ಮೊದಲಿನ ಜಾಗದಲ್ಲಿಯೇ ಬುಟ್ಟಿ ಇಟ್ಟು ಕುಳಿತುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ. ಹುಡುಗನ ಮನೆಯೂ ಅದೇ ಬೀದಿಯಲ್ಲಿದ್ದರೆ, ಜಾತ್ರೆಯಲ್ಲೋ ಬಸ್ಸಿನಲ್ಲೋ ಎದುರಾದಾಗ ಅವನು ಮಾತಾಡಿಸಬೇಕೇ, ದೂರ ಸರಿಯಬೇಕೇ ಎಂಬುದನ್ನು ಅವರಿಂದಲೇ ಕೇಳಿ ತಿಳಿದು, ಅವನಿಗೆ ತಲುಪಿಸಿ.