ಕಣದಲ್ಲಿ ಎಳೆದ ಮನೆ

ನಮ್ಮ ಮನೆಯನ್ನು ನಾವು ಮೊದಲ ಸಲ ಕಂಡದ್ದು ಆಲ್ದೂರಿನ ಹತ್ತಿರ, ನನ್ನ ತವರಿನ ಕಾಫಿ ಕಣದಲ್ಲಿ. 2024ರ ಮಾರ್ಚ್ ತಿಂಗಳು. ಕಾಫಿ ಒಣಗಿಸಿ ಚೀಲ ಕಟ್ಟಿ ಕಳಿಸಿ ಆಗಿತ್ತು, ಸಿಮೆಂಟು ಕಣ ಬರಿದಾಗಿ ಬಿದ್ದಿತ್ತು. ಬಿಸಿಲೇರುವ ಮೊದಲೇ ನಾನು ಮತ್ತು ನಮ್ಮವರು ಉದ್ದನೆಯ ಟೇಪು, ಒಂದು ಸೇರು ರಂಗೋಲಿ ಪುಡಿ ಹಿಡಿದು ಗೆರೆ ಎಳೆಯತೊಡಗಿದೆವು. ಹಲ್ಲುಜ್ಜುತ್ತ ಬಂದ ಅಣ್ಣ, "ಸೈಟು ಎಲ್ಲಿ ತೆಗೆದುಕೊಂಡಿರಿ?" ಎಂದು ಕೇಳಿದ. ಸೈಟು ಇರಲಿಲ್ಲ. ಹುಡುಕುವುದಕ್ಕೂ ಶುರು ಮಾಡಿರಲಿಲ್ಲ. ಅಣ್ಣ ಬಾಯಿ ತೊಳೆಯಲು ಹೋದವನು ಅತ್ತಿಗೆಯನ್ನು ಕರೆದುಕೊಂಡು ಬಂದ, ಇಬ್ಬರೂ ನಿಂತು ನಕ್ಕರು.

ನಾನು ಚಿಕ್ಕಮಗಳೂರಿನಲ್ಲಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಸೈಟು ಕೊಂಡು ಮನೆ ಕಟ್ಟಲಾಗದೆ ಕುಳಿತವರನ್ನು ಕೌಂಟರಿನ ಈಚೆಯಿಂದ ನೋಡುತ್ತಲೇ ಇರುತ್ತೇನೆ. ಕೈಯಲ್ಲಿದ್ದ ಹಣವೆಲ್ಲ ಸೈಟಿಗೆ ಸುರಿದಿರುತ್ತಾರೆ. ಆ ಕಡೆ ಬಾಡಿಗೆ, ಈ ಕಡೆ ಸೈಟಿನ ಸಾಲದ ಕಂತು, ಸೈಟಿನಲ್ಲಿ ಮಾತ್ರ ಎದೆಯೆತ್ತರ ಕಾಂಗ್ರೆಸ್ ಗಿಡ. ನನ್ನ ಚಿಕ್ಕಪ್ಪನ ಮಗನದೇ ಹೀಗೆ ಆರು ವರ್ಷ ನಡೆಯಿತು. ಆದ್ದರಿಂದ ನಾನು ಲೆಕ್ಕವನ್ನು ತಿರುಗಿಸಿ ಹಾಕಬೇಕೆಂದುಕೊಂಡೆ. ಮನೆಗೆ ಎಷ್ಟು ಬೇಕೆಂದು ಮೊದಲು ತಿಳಿಯಬೇಕು, ಉಳಿದದ್ದು ಸೈಟಿಗೆ.

ಇನ್ನೂರು ಪುಟದ ನೋಟುಪುಸ್ತಕದ ಮೊದಲ ಪುಟ, ನಮ್ಮ ಹತ್ತಿರ ಏನಿದೆ ಎನ್ನುವುದು. ಠೇವಣಿ, ಚೀಟಿ, ನಮ್ಮವರ ಭವಿಷ್ಯ ನಿಧಿಯಿಂದ ತೆಗೆಯಬಹುದಾದದ್ದು ಸೇರಿಸಿ ವರ್ಷದ ಕೊನೆಗೆ 24 ಲಕ್ಷ ಆಗುತ್ತಿತ್ತು. ಒಡವೆಯನ್ನು ಬರೆಯಲಿಲ್ಲ. ಅದು ಕಬ್ಬಿಣ, ಸಿಮೆಂಟಿಗೆ ಹೋದರೆ ಮತ್ತೆ ಬರುವುದಿಲ್ಲವೆಂದು ಅತ್ತೆ ಖಡಾಖಂಡಿತವಾಗಿ ಹೇಳಿದ್ದರು, ನನಗೂ ಅದೇ ಬೇಕಿತ್ತು.

ಎರಡನೆಯ ಪುಟ ಸಾಲ. ಬ್ಯಾಂಕು ಎಷ್ಟು ಕೊಡುತ್ತದೆ ಎಂದು ಕೇಳಿದರೆ ಅವರು ಸಂಬಳ ನೋಡಿ ದೊಡ್ಡ ಮೊತ್ತವನ್ನೇ ಹೇಳುತ್ತಾರೆ. ನಾನು ಕೇಳಿಕೊಂಡ ಪ್ರಶ್ನೆ ಬೇರೆ: ನಮ್ಮವರ ನಿವೃತ್ತಿಗೆ ಇರುವ 16 ವರ್ಷದೊಳಗೆ ಮುಗಿಯುವ ಸಾಲ ಯಾವುದು? ಆಗ ಬಡ್ಡಿ ಶೇಕಡಾ 8.5ರ ಆಸುಪಾಸು. 20 ಲಕ್ಷಕ್ಕೆ 15 ವರ್ಷವಾದರೆ ತಿಂಗಳ ಕಂತು ಸುಮಾರು 19,700 ರೂಪಾಯಿ, 20 ವರ್ಷವಾದರೆ 17,350. ಎರಡನೆಯದು ಹಗುರ ಅನ್ನಿಸುತ್ತದೆ. ಆದರೆ ಒಟ್ಟು ಕಟ್ಟುವ ಹಣ ಆರು ಲಕ್ಷಕ್ಕೂ ಹೆಚ್ಚು ಏರುತ್ತದೆ. ಆ ಆರು ಲಕ್ಷದಲ್ಲಿ ಎರಡು ಕೋಣೆ ಎಬ್ಬಿಸಬಹುದು.

ಸಾಲ ತೆಗೆಯುವ ಮೊದಲೇ ನಾವು ಕಂತು ಕಟ್ಟಿದೆವು. ತಮಾಷೆಯಲ್ಲ. 2024ರ ಜನವರಿಯಿಂದ ತಿಂಗಳಿಗೆ 22,000 ರೂಪಾಯಿ ಒಂದು ಖಾತೆಗೆ ಹಾಕುತ್ತ ಬಂದೆ, ಅದು 22 ಲಕ್ಷದ ಸಾಲದ ಕಂತೆಂದೇ ತಿಳಿದು. ಮೇ ತಿಂಗಳವರೆಗೆ ಹೇಗೋ ನಡೆಯಿತು. ಜೂನ್‌ನಲ್ಲಿ ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರ ಒಟ್ಟಿಗೆ ಬಂದು ಸೊಸೈಟಿಯ ಸಹೋದ್ಯೋಗಿಯ ಹತ್ತಿರ ಕೈಗಡ ಕೇಳಬೇಕಾಯಿತು. ನವೆಂಬರಿನಲ್ಲಿ ವಿಮೆಯ ಕಂತು, ನಾದಿನಿಯ ಮಗಳ ಮದುವೆಯ ಮುಯ್ಯಿ, ಮತ್ತೆ ಅದೇ ಪಾಡು. ಡಿಸೆಂಬರಿನಲ್ಲಿ ಸಾಲದ 22 ಲಕ್ಷವನ್ನು ಹೊಡೆದುಹಾಕಿ 20 ಎಂದು ತಿದ್ದಿದೆ. 24 ಮತ್ತು 20 ಸೇರಿ 44 ಲಕ್ಷ. 2025ರಲ್ಲಿ ಬಡ್ಡಿ ಕೊಂಚ ಇಳಿದಾಗಲೂ ಪುಸ್ತಕದ 8.5ನ್ನು ನಾನು ಮುಟ್ಟಲಿಲ್ಲ.

ಇನ್ನು ಕಣದ ಕಥೆ. ಮೊದಲು ಎಳೆದದ್ದು 11 ಚದರದ ಮನೆ, ಚದರವೆಂದರೆ ನೂರು ಚದರಡಿ. ಮೂರು ಮಲಗುವ ಕೋಣೆ, 16ಕ್ಕೆ 18 ಅಡಿಯ ಹಾಲ್. ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ನಡೆದಾಗಲೇ ಗೊತ್ತಾಗುವುದು. ಅಣ್ಣನ ಮನೆಯಿಂದ ಒಂದು ಮಂಚ, ನಾಲ್ಕು ಕುರ್ಚಿ, ಗ್ಯಾಸ್ ಒಲೆಯ ಬದಲಿಗೆ ಒಂದು ಹಲಗೆ ತಂದು ಆಯಾ ಜಾಗದಲ್ಲಿ ಇಟ್ಟೆವು. ಅತ್ತೆ ಊರುಗೋಲು ಹಿಡಿದು ತಮ್ಮ ಕೋಣೆಯಿಂದ ಬಚ್ಚಲಿಗೆ ಹೆಜ್ಜೆ ಎಣಿಸುತ್ತ ಹೊರಟರು. ಹತ್ತೊಂಬತ್ತು ಹೆಜ್ಜೆ. "ರಾತ್ರಿ ಎರಡು ಸಲ ಏಳುವವಳು ನಾನು. ನನ್ನನ್ನು ತೀರ್ಥಯಾತ್ರೆಗೆ ಕಳಿಸುತ್ತೀಯೇನಮ್ಮ?" ಎಂದರು. ಪೊರಕೆ ತಂದು ಬಚ್ಚಲನ್ನು ಗುಡಿಸಿ, ಅವರ ಕೋಣೆಗೆ ಅಂಟಿಸಿ ಮತ್ತೆ ಎಳೆದೆ. ಕಟ್ಟಿದ ಮೇಲೆ ಗೋಡೆ ಒಡೆಸಲು ಎಷ್ಟಾಗುತ್ತದೋ, ಪೊರಕೆಗಂತೂ ಖರ್ಚಿಲ್ಲ.

ಹಾಲ್‌ನಲ್ಲಿ ಕುರ್ಚಿಗಳು ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಂತೆ ಮೂಲೆಗೊಂದು ನಿಂತಿದ್ದವು. ಇಷ್ಟು ದೊಡ್ಡದು ಯಾರಿಗೆ ಎಂದು ನಮ್ಮವರನ್ನು ಕೇಳಿದೆ. ನೆಂಟರು ಬಂದರೆ ಎಂದರು. ನೆಂಟರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಅಷ್ಟು ಹೊತ್ತಿಗೆ ಮೂವರು ಮೇಸ್ತ್ರಿಗಳನ್ನು ವಿಚಾರಿಸಿದ್ದೆ, ಸಾಮಾನು ಕೂಲಿ ಸೇರಿ ಚದರಕ್ಕೆ 2.1 ಲಕ್ಷ ಎಂದು ಒಂದು ಸರಾಸರಿ ಹಿಡಿದುಕೊಂಡಿದ್ದೆ. ಹಾಲನ್ನು 12ಕ್ಕೆ 14 ಮಾಡಿದರೆ 120 ಚದರಡಿ ಉಳಿಯುತ್ತದೆ, ಅಂದರೆ ಎರಡೂವರೆ ಲಕ್ಷ. ನೆಂಟರು ಜಗುಲಿಯಲ್ಲಿ ಕುಳಿತರೆ ಏನೂ ಆಗುವುದಿಲ್ಲ.

ಕಣದ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಇಂಜಿನಿಯರ್ ಒಂದು ಮಾತು ಹೇಳಿದರು: "ಮೇಡಂ, ನಿಮ್ಮ ಮನೆಗೆ ಗೋಡೆಯೇ ಇಲ್ಲವಲ್ಲ." ನಿಜ. ರಂಗೋಲಿಯ ಗೆರೆ ಬೆರಳಿನಷ್ಟು ದಪ್ಪ, ಆರು ಇಂಚಿನ ಬ್ಲಾಕಿನ ಗೋಡೆಗೆ ಎರಡೂ ಕಡೆ ಗಾರೆ ಸೇರಿದರೆ ಏಳು ದಾಟುತ್ತದೆ. ನನ್ನ ಮನೆಯ ಹತ್ತನೆಯ ಒಂದು ಭಾಗವನ್ನು ಗೋಡೆಗಳೇ ತಿನ್ನುತ್ತಿದ್ದವು. ಇನ್ನೊಂದು ಮಾತನ್ನೂ ಅವರೇ ತಿಳಿಸಿದರು. 30ಕ್ಕೆ 40ರ ಸೈಟಿನಲ್ಲಿ ಎರಡು ಪಕ್ಕ ಮತ್ತು ಹಿಂದೆ ಮೂರು ಅಡಿ, ಮುಂದೆ ನಾಲ್ಕು ಅಡಿ ಬಿಟ್ಟರೆ ಉಳಿಯುವುದು 24ಕ್ಕೆ 33. ನೆಲದ ಮೇಲೆ ಎಂಟು ಚದರಕ್ಕಿಂತ ಏಳುವುದಿಲ್ಲ. ಹನ್ನೊಂದು ಚದರವನ್ನು ಒಂದೇ ಅಂತಸ್ತಿನಲ್ಲಿ ಕೂರಿಸಲು ಅದಕ್ಕಿಂತ ದೊಡ್ಡ ಸೈಟೇ ಬೇಕು.

ಆ ರಾತ್ರಿ ಹನ್ನೊಂದು ಚದರದ ಲೆಕ್ಕವನ್ನು ಪೂರ್ತಿ ಹಾಕಿದೆ. ಮನೆಗೆ 23.1 ಲಕ್ಷ. ಮೇಸ್ತ್ರಿಯ ದರದಲ್ಲಿ ಸೇರದ ಬಾಬತ್ತುಗಳು ಇನ್ನೊಂದು 6 ಲಕ್ಷ: ಕಾಂಪೌಂಡು, ಗೇಟು, ಸಂಪು, ಸೆಪ್ಟಿಕ್ ಟ್ಯಾಂಕು, ಅಡುಗೆಮನೆಯ ಮತ್ತು ಬೀರುಗಳ ಮರಗೆಲಸ, ನಕ್ಷೆಯ ಮಂಜೂರಾತಿ, ಮೆಸ್ಕಾಂ ವಿದ್ಯುತ್ ಸಂಪರ್ಕ, ಗೃಹಪ್ರವೇಶದ ಊಟ. ಈ 6 ಲಕ್ಷವನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಬ್ಬ ಮೇಸ್ತ್ರಿ ಸಜ್ಜಾ, ಪೋರ್ಟಿಕೋ ಎಲ್ಲ ಸೇರಿಸಿ ಮೋಲ್ಡಿನ, ಅಂದರೆ ಕಾಂಕ್ರೀಟು ತಾರಸಿಯ, ಅಳತೆಗೆ ದುಡ್ಡು ಕೇಳುತ್ತಾರೆ, ಇನ್ನೊಬ್ಬರು ಗೋಡೆಯಿಂದ ಗೋಡೆಗೆ ಅಳೆಯುತ್ತಾರೆ. ಚದರದ ದರ ಕೇಳುವ ಮುಂಚೆ ಚದರವನ್ನು ಹೇಗೆ ಅಳೆಯುತ್ತೀರಿ ಎಂದು ಕೇಳಬೇಕು. ಮೇಲೆ 3 ಲಕ್ಷ ಕೈಕಾವಲಿಗೆ, ಎಣಿಸದ ಖರ್ಚು ಬಂದರೆ ಇರಲೆಂದು. ಕಟ್ಟುವ ಹತ್ತು ತಿಂಗಳು ಬಾಡಿಗೆಯೂ ನಿಲ್ಲುವುದಿಲ್ಲ, ಬಿಡುಗಡೆಯಾದ ಸಾಲಕ್ಕೆ ಬಡ್ಡಿಯೂ ನಿಲ್ಲುವುದಿಲ್ಲ, ಅದಕ್ಕೆ ಒಂದೂವರೆ ಲಕ್ಷ. ಒಟ್ಟು 33.6. ನೋಂದಣಿ ಸೇರಿ ಸೈಟಿಗೆ ಉಳಿದದ್ದು 10.4 ಲಕ್ಷ. ಆ ದುಡ್ಡಿಗೆ ನಮ್ಮ ಊರಿನಲ್ಲಿ ದೊಡ್ಡ ಸೈಟು ಎಂದರೆ ಯಾವ ದಲ್ಲಾಳಿಯೂ ಫೋನು ಇಟ್ಟುಬಿಡುತ್ತಾನೆ.

ಎಂಟು ಚದರಕ್ಕೆ ಇಳಿದೆವು. ಮೂರನೆಯ ಕೋಣೆ ಹೋಯಿತು, ಮೇಲೆ ಏರಿಸಲು ತಾಳುವ ಪಾಯ ಮಾತ್ರ ಉಳಿಯಿತು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮರಗೆಲಸದಂಥ ಬಾಬತ್ತುಗಳೂ ಕೊಂಚ ಕುಗ್ಗಿ ಲೆಕ್ಕ 26.6ಕ್ಕೆ ಬಂತು, ಸೈಟಿಗೆ 17.4 ಸಿಕ್ಕಿತು. ನೋಂದಣಿ ಕಳೆದು, ಸೈಟಿನ ಬೆಲೆ 16 ಲಕ್ಷ ದಾಟಬಾರದು ಎಂದು ಪುಸ್ತಕದ ರಟ್ಟಿನ ಮೇಲೆಯೇ ಬರೆದೆ. ಹುಡುಕಲು ಶುರು ಮಾಡಿದ್ದು ಆಮೇಲೆ.

ಹುಡುಕುವಾಗ ಈ ಪುಸ್ತಕ ನಾನು ಎಣಿಸಿದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಸೈಟಿನ ದೋಷಗಳನ್ನೆಲ್ಲ ರೂಪಾಯಿಗೆ ತಿರುಗಿಸಬಹುದಾಗಿತ್ತು. ಮೊದಲು ನೋಡಿದ್ದು 14 ಲಕ್ಷದ್ದು, ಸಮತಟ್ಟು, ನೋಡಲು ಚೆಂದ. ಮೇಸ್ತ್ರಿ ಹಾರೆ ಊರಿದರು, ಬೆಣ್ಣೆಗೆ ಚಾಕು ಇಳಿದಂತೆ ಇಳಿಯಿತು. ಗದ್ದೆಗೆ ಮಣ್ಣು ತುಂಬಿ ಬಡಾವಣೆ ಮಾಡಿದ್ದು. ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಸಲು ಇನ್ನೂ ಎರಡು ಲಕ್ಷದ ಹತ್ತಿರ, ಅದೂ ಅಂದಾಜು. ಇನ್ನೊಂದು ರಸ್ತೆಗಿಂತ ನಾಲ್ಕು ಅಡಿ ತಗ್ಗು. 1,200 ಚದರಡಿಗೆ ನಾಲ್ಕು ಅಡಿಯೆಂದರೆ 4,800 ಘನ ಅಡಿ ಮಣ್ಣು, ಜೊತೆಗೆ ತಡೆಗೋಡೆ. ಮಲೆನಾಡಿನ ಮಳೆಯಲ್ಲಿ ರಸ್ತೆಯ ನೀರೆಲ್ಲ ಬಂದು ಜಗುಲಿಯಲ್ಲಿ ಕೂರುತ್ತದೆ.

ಮೂರನೆಯದು ಕೇವಲ 11 ಲಕ್ಷ. ನಮ್ಮವರು ಹಿಗ್ಗಿದರು. ಕಾಗದ ನೋಡಿದರೆ ಭೂಪರಿವರ್ತನೆ ಇಲ್ಲ, ಬಡಾವಣೆಗೆ ಅನುಮೋದನೆ ಇಲ್ಲ, ಪಂಚಾಯಿತಿಯಿಂದ ಇರುವುದು ನಮೂನೆ 11ಬಿ, ಅಂದರೆ ಅನುಮೋದನೆಯಿಲ್ಲದ ಆಸ್ತಿಯ ದಾಖಲೆ. ನಮೂನೆ 9 ಮತ್ತು 11ಎ ಇಲ್ಲದೆ ಸಾಲವಿಲ್ಲ ಎಂದು ಬ್ಯಾಂಕಿನವರು ಹೇಳಿಬಿಟ್ಟರು. ಸಾಲವಿಲ್ಲದಿದ್ದರೆ ನಮ್ಮ 24ರಲ್ಲಿ 11 ಹೋಗಿ 13 ಉಳಿಯುತ್ತದೆ, ಮನೆಗೆ ಬೇಕಾದದ್ದು 26.6. ನೋಡಿದವುಗಳಲ್ಲೆಲ್ಲ ಅತಿ ದುಬಾರಿ ಸೈಟು ಅದೇ ಆಗಿತ್ತು. ಇದನ್ನು ನಮ್ಮವರಿಗೆ ಒಪ್ಪಿಸಲು ಒಂದು ವಾರ ಹಿಡಿಯಿತು.

ಹಣದ ಸರದಿಯೂ ತಿಳಿದಿರಬೇಕು. 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಮೌಲ್ಯದ ಶೇಕಡಾ 90ರವರೆಗೆ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಮುದ್ರಾಂಕ, ನೋಂದಣಿ ಅದರಲ್ಲಿ ಸೇರುವುದಿಲ್ಲ. ಕಟ್ಟುವ ಸಾಲವೂ ಒಮ್ಮೆಗೇ ಬರುವುದಿಲ್ಲ, ಪಾಯ, ಲಿಂಟಲ್, ಮೋಲ್ಡ್ ಎಂದು ಕಂತುಕಂತಾಗಿ ಬರುತ್ತದೆ. ಮೊದಲು ನಮ್ಮ ದುಡ್ಡು ನೆಲಕ್ಕೆ ಹೋಗಬೇಕು. 24 ಲಕ್ಷವನ್ನೂ ಸೈಟಿಗೆ ಹಾಕಿದ್ದರೆ ಪಾಯ ತೋಡಲು ಕೈಯಲ್ಲಿ ಕಾಸಿರುತ್ತಿರಲಿಲ್ಲ.

ಕಡೂರು ರಸ್ತೆಯ ಕಡೆ 15.6 ಲಕ್ಷಕ್ಕೆ ಒಂದು ಸಿಕ್ಕಿತು, ಕೆಂಪು ಮಣ್ಣು, ಕಾಗದ ಸರಿ, ವಕೀಲರೂ ಒಪ್ಪಿದರು. ಮುಂಗಡ ಕೊಟ್ಟು ಇಸಿ (ಋಣಭಾರ ಪತ್ರ), ಇ-ಖಾತೆ ಎಂದು ಓಡಾಡುವಷ್ಟರಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಮುದ್ರಾಂಕ, ಸೆಸ್, ಸರ್ಚಾರ್ಜು ಸೇರಿ ಒಟ್ಟು 7.65, ಅಂದರೆ 1,19,340 ರೂಪಾಯಿ. ಅದರಲ್ಲಿ 15,600 ಹೊಸದು. ಸೈಟಿಗೆಂದು ಇಟ್ಟ 17.4 ದಾಟಲಿಲ್ಲ ನಿಜ, ಆದರೂ ಗುದ್ದಲಿ ಪೂಜೆಗೆ ಮುಂಚೆಯೇ ಎಣಿಸದ ಖರ್ಚು ಶುರುವಾಯಿತು. ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಮೇಸ್ತ್ರಿಗೆ ಸಿಮೆಂಟು ಏರಿದ್ದು ತಕ್ಷಣ ಕೇಳಿಸುತ್ತದೆ, ಇಳಿದದ್ದು ಮೂರು ಸಲ ಹೇಳಿದರೂ ಕೇಳಿಸುವುದಿಲ್ಲ. ಕೊನೆಗೆ ಚದರಕ್ಕೆ ಎರಡು ಸಾವಿರ ಬಿಟ್ಟರು.

ನವೆಂಬರಿನಲ್ಲಿ ನೋಂದಣಿಯಾಯಿತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೂಲಿಯವರು ತೋಟದ ಕಡೆ ಹೋಗಿಬಿಡುತ್ತಾರೆ, ಧನುರ್ಮಾಸದಲ್ಲಿ ಪೂಜೆ ಕೂಡದು ಎಂದು ಅತ್ತೆ, ಮಳೆ ಹಿಡಿಯುವ ಮೊದಲು ಮೋಲ್ಡ್ ಆಗಬೇಕು ಎಂದು ಇಂಜಿನಿಯರ್. ಇವರೆಲ್ಲರ ಮಧ್ಯೆ ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ ಗೊತ್ತಾಯಿತು.

ಅದಕ್ಕೂ ಮುಂಚಿನ ಭಾನುವಾರ ಅದೇ ಟೇಪು, ರಂಗೋಲಿ ಪುಡಿ ಹಿಡಿದು ಸೈಟಿಗೆ ಹೋದೆವು. ಕಣದಲ್ಲಿ ಪೂರ್ವಕ್ಕೆ ಮುಖ ಮಾಡಿದ್ದ ಮನೆಯನ್ನು ಇಲ್ಲಿ ಉತ್ತರಕ್ಕೆ ತಿರುಗಿಸಬೇಕಿತ್ತು, ಅಡುಗೆಮನೆ ಆಗ್ನೇಯ ಬಿಡದಂತೆ ಎರಡು ಸಲ ಅಳಿಸಿ ಎಳೆದೆ. ಅತ್ತೆ ಊರುಗೋಲು ಹಿಡಿದು ಕೋಣೆಯಿಂದ ಬಚ್ಚಲಿಗೆ ನಡೆದರು, ಐದು ಹೆಜ್ಜೆ. ತಲೆದೂಗಿ ಬಾಗಿಲ ಗೆರೆ ದಾಟಿ ಮುಂದೆ ಬಂದು ನಿಂತರು. "ತುಳಸಿ ಕಟ್ಟೆ ಎಲ್ಲಿ?" ಎಂದರು. ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಮುಂದೆ ಬಿಟ್ಟಿದ್ದ ನಾಲ್ಕು ಅಡಿಯಲ್ಲಿ ಎರಡು ಅಡಿ ಚೌಕ ಎಳೆದು, ಪುಸ್ತಕ ತೆಗೆದು ಕೊನೆಯ ಸಾಲಿನ ಕೆಳಗೆ 6,000 ಎಂದು ಸೇರಿಸಿದೆ.