ಗೋಮಾಳದಲ್ಲಿ ಎಂಟು ಮಕ್ಕಳು, ಒಂದು ಹಗ್ಗ

ಕಾಡಿನ ಚಿತ್ರ ಬರೆಯಿರಿ ಅಂದರೆ ನಮ್ಮ ಆರನೇ ಕ್ಲಾಸಿನ ಮಕ್ಕಳು ದೊಡ್ಡ ಮರ ಬರೆಯುತ್ತಿದ್ದರು. ಅದರ ಕೆಳಗೆ ಒಂದು ಸಿಂಹ. ಕಡೂರಿನ ಬಯಲಲ್ಲಿ ಹುಟ್ಟಿದ ಮಕ್ಕಳಿಗೆ ಸಿಂಹ ಎಲ್ಲಿಂದ ಬಂತೋ! ಶಾಲೆಯ ಹಿಂದಿನ ಗೋಮಾಳ ಅವರ ಲೆಕ್ಕದಲ್ಲಿ ಬೀಳು ಜಾಗ. ನಿಜ ಹೇಳಬೇಕೆಂದರೆ ನನ್ನ ಲೆಕ್ಕವೂ ಅದೇ ಆಗಿತ್ತು.

ಮೊದಲ ಸಲ 34 ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋದೆ. ಸಂತೆಯಾಯಿತು. ಕಂಡಿದ್ದು ಎರಡು ಕಾಗೆ, ಒಂದು ಹಳೇ ಚಪ್ಪಲಿ.

ಆಮೇಲೆ ಎಂಟೆಂಟು ಮಕ್ಕಳ ಗುಂಪು ಮಾಡಿದೆ. ಬಿಸಿಲೇರುವ ಮೊದಲು, ಬೆಳಿಗ್ಗೆ ಏಳಕ್ಕೆ. ನಾಲ್ಕು ಗೂಟ ನೆಟ್ಟು ಸುತ್ತ ಹಗ್ಗ ಕಟ್ಟಿದರೆ ಒಂದು ಮೀಟರಿನ ಚೌಕ. ಇಪ್ಪತ್ತು ನಿಮಿಷ ಸುಮ್ನೆ ಕೂತು ನೋಡಬೇಕು, ಏನನ್ನೂ ಮುಟ್ಟಬಾರದು. ಮೊದಲ ಐದು ನಿಮಿಷ 'ಏನೂ ಇಲ್ಲ ಸಾರ್'. ಹತ್ತು ನಿಮಿಷ ಕಳೆದ ಮೇಲೆ ಪಿಸುಮಾತು ಶುರು. ಇರುವೆ ಗೂಡಿನ ಬಾಯಿ ಸುತ್ತ ಹೂವಿನ ದಳದ ಹಾಗೆ ಮಣ್ಣಿನ ಗೋಡೆ. ಸೆಗಣಿ ಉಂಡೆಯನ್ನು ಹಿಂಗಾಲಲ್ಲಿ ತಳ್ಳುತ್ತಿರುವ ಹುಳು.

ಮೊದಲೆಲ್ಲ ನಾನು ತಕ್ಷಣ ಹೆಸರು ಹೇಳಿಬಿಡುತ್ತಿದ್ದೆ. ಹೆಸರು ಸಿಕ್ಕರೆ ಸಾಕು, ಬರೆದುಕೊಂಡು ನೋಡುವುದನ್ನೇ ನಿಲ್ಲಿಸುತ್ತಿದ್ದರು. ಈಗ ಹೆಸರು ಕೊನೆಗೆ. ಮೊದಲು ಕೇಳುವುದು: ಇದು ಏನು ತಿನ್ನುತ್ತೆ, ಇದನ್ನು ಯಾರು ತಿನ್ನುತ್ತಾರೆ, ಮೊಟ್ಟೆಯನ್ನೋ ಮರಿಯನ್ನೋ ಎಲ್ಲಿ ಬಚ್ಚಿಡುತ್ತೆ? ಕುರಿ ಕಾಯುವ ಅಜ್ಜನ ಹತ್ತಿರ ನನಗಿಂತ ಜಾಸ್ತಿ ಉತ್ತರ ಇದ್ದವು. ಹುಲ್ಲು ಒತ್ತಿಹೋದ ಒಂದು ತಗ್ಗು ತೋರಿಸಿ, 'ಇದು ಮೊಲ ಮಲಗಿದ್ದ ಜಾಗ ಕಣ್ರೋ, ನಮ್ಮ ಮೊಲ ಬಿಲ ತೋಡಲ್ಲ' ಅಂದರು. ಆ ಪಾಠ ನಾನು ಮಾಡಿದ್ದಲ್ಲ.

ಒಂದು ತಪ್ಪು ಈಗಲೂ ಚುಚ್ಚುತ್ತದೆ. ಏಪ್ರಿಲ್‌ನಲ್ಲಿ ಟಿಟ್ಟಿಭ ಹಕ್ಕಿಯ ಗೂಡು ಸಿಕ್ಕಿತು. ಗೂಡು ಅಂದರೆ ಬರೀ ನೆಲ, ಕಲ್ಲಿನ ನಡುವೆ ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಎಲ್ಲರೂ ಸುತ್ತ ನಿಂತೆವು. ತಾಯಿ ಹಕ್ಕಿ ತಲೆ ಮೇಲೆ ಚೀರುತ್ತಾ ಹಾರುತ್ತಿತ್ತು. ಅದು ಮೊಟ್ಟೆಗೆ ನೆರಳು ಕೊಡಬೇಕಿತ್ತು, ಅದನ್ನು ತಡೆದು ನಿಂತವರು ನಾವು. ವಾರ ಬಿಟ್ಟು ಹೋದಾಗ ಮೊಟ್ಟೆ ಇರಲಿಲ್ಲ. ನಮ್ಮಿಂದಲೋ, ನಾಯಿಯಿಂದಲೋ ಗೊತ್ತಿಲ್ಲ. ಈಗ ಹಕ್ಕಿ ಚೀರಿದರೆ ಬಂದ ದಾರಿಯಲ್ಲೇ ವಾಪಸ್.

ನಮ್ಮ ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೂ ಅನುಮತಿ ಪಡೆದು ಒಮ್ಮೆ ಹೋಗಿದ್ದೆವು. 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ ಹುಲ್ಲುಗಾವಲು ಅದು. ಕೃಷ್ಣಮೃಗ ಓಡುವುದನ್ನು ನೋಡಿ ಒಬ್ಬ ಹೇಳಿದ: 'ಮರ ಇದ್ದಿದ್ರೆ ಡಿಕ್ಕಿ ಹೊಡೀತಿತ್ತು.' ಕೃಷ್ಣಮೃಗಕ್ಕೆ ಬಯಲು ಯಾಕೆ ಬೇಕು ಅನ್ನುವುದನ್ನು ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಜೂನ್ 5ಕ್ಕೆ ಗೋಮಾಳದ ತುಂಬ ನೆಡಲು ಸಸಿಗಳು ಬಂದವು. ಹಿಂದಿನ ವರ್ಷ ನಾನೇ ಮುಂದೆ ನಿಂತು ನೆಡಿಸಿದ್ದೆ. ಈ ಸಲ ಹುಡುಗಿಯೊಬ್ಬಳು ಕೇಳಿದಳು: 'ಸಾರ್, ಅಲ್ಲಿ ಮರ ಬೆಳೆದ್ರೆ ಕಾಗೆ ಬಂದು ಕೂರುತ್ತೆ. ಟಿಟ್ಟಿಭ ಎಲ್ಲಿ ಮೊಟ್ಟೆ ಇಡುತ್ತೆ?' ಬಂದಿದ್ದ ದೊಡ್ಡವರಿಗೆ ಇದು ಹಿಡಿಸಲಿಲ್ಲ. ಒಂದಷ್ಟು ಮಾತುಕತೆಯಾದ ಮೇಲೆ ಹೊಂಗೆ, ಬೇವು ಎಲ್ಲ ಕಾಂಪೌಂಡಿನ ಒಳಗೆ ನೆಟ್ಟೆವು. ಜಾಗ ಸಾಲದೆ ಉಳಿದ ಹನ್ನೊಂದು ಸಸಿಗಳನ್ನು ಮಕ್ಕಳು ಮನೆಗೆ ಒಯ್ದರು.