ಆಟದ ಕ್ಯಾಪ್ 99, ನನ್ನ ಕ್ಯಾಪ್ 85

ನನ್ನ ಮೊದಲ ಸಾರ್ಸರೆಸ್, ಅಂದರೆ ಮಾಟಗಾತಿ ಪಾತ್ರ, ಹಾಳಾಗಿದ್ದು ಯಾವ ರಾಕ್ಷಸನಿಂದಲೂ ಅಲ್ಲ, ನನ್ನಿಂದಲೇ. ಕಂಪ್ಯೂಟರ್ ಆಟ ಡಯಾಬ್ಲೊ 2. ಲೆವೆಲ್ ಏರಿದಾಗಲೆಲ್ಲ ವಿದ್ಯೆಗಳಿಗೆ ಒಂದು ಸ್ಕಿಲ್ ಪಾಯಿಂಟ್, ಮೈಬಲದಂಥ ಗುಣಗಳಿಗೆ ಐದು ಸ್ಟ್ಯಾಟ್ ಪಾಯಿಂಟ್ ಸಿಗುತ್ತದೆ. ಸಿಕ್ಕಿದ್ದನ್ನು ಅಲ್ಲೇ ಖರ್ಚು ಮಾಡಿಬಿಡುವ ಅಭ್ಯಾಸ ನನ್ನದು. ಬೆಂಕಿಗೆ ಒಂದಿಷ್ಟು, ಮಿಂಚಿಗೆ ಒಂದಿಷ್ಟು, ಹಿಮಕ್ಕೆ ಒಂದಿಷ್ಟು. ಮಾನಾ, ಅಂದರೆ ಮಂತ್ರಶಕ್ತಿ, ಬೇಗ ಖಾಲಿಯಾಗುತ್ತದೆ ಅಂತ ಸ್ಟ್ಯಾಟ್ ಪಾಯಿಂಟೆಲ್ಲ ಎನರ್ಜಿಗೆ ಸುರಿದೆ. ಆಟದ ಮೂರು ಕಷ್ಟದ ಹಂತಗಳಲ್ಲಿ ಮೊದಲಿನದಾದ ನಾರ್ಮಲ್‌ನಲ್ಲಿ ಅವಳು ಮೆರೆದಳು. ನೈಟ್‌ಮೇರ್‌ನಲ್ಲಿ ಏದುಸಿರು ಬಿಟ್ಟಳು. ಹೆಲ್‌ಗೆ ಹೋದ ಮೇಲೆ ಊರಿನ ಬೇಲಿ ದಾಟಿದ ಕೂಡಲೇ ಬಿದ್ದಳು. ಮತ್ತೆ ಎದ್ದು ಹೋದಳು, ಮತ್ತೆ ಬಿದ್ದಳು.

ಆಗ ಪಾಯಿಂಟ್ ವಾಪಸ್ ಪಡೆಯುವ ದಾರಿ ಇರಲಿಲ್ಲ. ರೆಸ್ಪೆಕ್ ಅನ್ನೋದು ಆ ಆಟಕ್ಕೆ ಬಂದಿದ್ದು 2010ರಲ್ಲಿ, 1.13 ಪ್ಯಾಚ್ ಜೊತೆ. ಹಾಗಾಗಿ ಹೊಸ ಪಾತ್ರ ಶುರು ಮಾಡುವುದೊಂದೇ ಉಳಿದಿತ್ತು. ಈ ಸಲ ಆಟಕ್ಕಿಂತ ಮೊದಲು ನೋಟ್‌ಬುಕ್ ತೆಗೆದೆ.

ಮೊದಲು ಬರೆದದ್ದು ಲೆವೆಲ್ ಕ್ಯಾಪ್, ಅಂದರೆ ಪಾತ್ರ ಏರಬಹುದಾದ ಕೊನೆಯ ಲೆವೆಲ್: 99. ಲೆವೆಲ್‌ಗಳಿಂದ 98 ಸ್ಕಿಲ್ ಪಾಯಿಂಟ್, ಮೂರೂ ಡಿಫಿಕಲ್ಟಿಯ ಕ್ವೆಸ್ಟ್‌ಗಳಿಂದ 12. ಒಟ್ಟು 110. ಅಬ್ಬಾ, ಎಷ್ಟೊಂದು ಅಂತ ಖುಷಿಯಾಯಿತು. ಆ ಖುಷಿಯಲ್ಲೇ ಎರಡನೇ ತಪ್ಪು ಇತ್ತು.

ಆ 99 ನಮ್ಮಂಥವರಿಗಲ್ಲ. ಅಲ್ಲಿಗೆ ಮುಟ್ಟಲು ಒಟ್ಟು 350 ಕೋಟಿಗೂ ಜಾಸ್ತಿ ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಬೇಕು. ಅಷ್ಟೇ ಅಲ್ಲ, ಲೆವೆಲ್ 70 ದಾಟಿದ ಮೇಲೆ ಆಟ ಕೊಡುವ ಎಕ್ಸ್‌ಪಿಯನ್ನೇ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಹೋಗುತ್ತದೆ. 98ರಲ್ಲಿ ನಿಮ್ಮ ಕೈಗೆ ಬರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಮೇಲಾಗಿ ಹೆಲ್‌ನಲ್ಲಿ ಸತ್ತರೆ ಆ ಲೆವೆಲ್‌ಗೆ ಬೇಕಾದ ಎಕ್ಸ್‌ಪಿಯಲ್ಲಿ 10% ಹೋಗುತ್ತದೆ. ಹೆಣದ ಹತ್ತಿರ ವಾಪಸ್ ಓಡಿದರೆ ಹೋದದ್ದರಲ್ಲಿ ಮುಕ್ಕಾಲು ಭಾಗ ಸಿಗುತ್ತದೆ ಅನ್ನಿ, ಆದರೆ ನಿಮ್ಮನ್ನು ಕೊಂದವರು ಅಲ್ಲೇ ಕಾಯುತ್ತಾ ನಿಂತಿರುತ್ತಾರೆ.

ನಾನು 99ಕ್ಕೆ ಪ್ಲಾನ್ ಮಾಡಿದ ಪಾತ್ರ ಎಂಬತ್ತರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಮುಖ್ಯವಾದ ಸ್ಕಿಲ್ ಅರ್ಧಂಬರ್ಧ. ಕೊನೆಯ ಇಪ್ಪತ್ತು ಪಾಯಿಂಟ್ ಬಂದ ಮೇಲೆ ಚೆನ್ನಾಗಿ ಆಡುವ ಬಿಲ್ಡ್ (ಪಾಯಿಂಟ್ ಹಂಚಿಕೆ) ಅದು, ಆ ಇಪ್ಪತ್ತು ಬರಲೇ ಇಲ್ಲ. ಆಮೇಲೆ ನೋಟ್‌ಬುಕ್‌ನಲ್ಲಿ 99 ಹೊಡೆದುಹಾಕಿ 85 ಬರೆದೆ. ನಾನು ಆಡುವ ಗಂಟೆಗಳಲ್ಲಿ, ನನಗಿರುವ ತಾಳ್ಮೆಯಲ್ಲಿ, ನಿಜವಾಗಿ ಮುಟ್ಟಬಹುದಾದ ಲೆವೆಲ್ ಅದು. ಲೆಕ್ಕವನ್ನೆಲ್ಲ ಅಲ್ಲಿಂದ ಹಿಂದಕ್ಕೆ ಹಾಕಿದೆ.

85ಕ್ಕೆ ಒಟ್ಟು 96 ಸ್ಕಿಲ್ ಪಾಯಿಂಟ್. ಹಿಮದ ದೊಡ್ಡ ಸ್ಕಿಲ್ ಬ್ಲಿಝಾರ್ಡ್‌ಗೆ 20. ಅದಕ್ಕೆ ಸಿನರ್ಜಿ, ಅಂದರೆ ಹೆಚ್ಚುವರಿ ಬಲ, ಕೊಡುವ ಐಸ್ ಬೋಲ್ಟ್, ಐಸ್ ಬ್ಲಾಸ್ಟ್, ಗ್ಲೇಶಿಯಲ್ ಸ್ಪೈಕ್ ಮೂರಕ್ಕೂ ತಲಾ 20. ಅಲ್ಲಿಗೆ 80 ಹೋಯಿತು. ಟೆಲಿಪೋರ್ಟ್, ಸ್ಟ್ಯಾಟಿಕ್ ಫೀಲ್ಡ್, ವಾರ್ಮ್ತ್, ದಾರಿಯಲ್ಲಿ ಬರುವ ಸ್ಕಿಲ್‌ಗಳು ಅಂತ ಐದು. ಮಿಕ್ಕ 11 ಕೋಲ್ಡ್ ಮಾಸ್ಟರಿಗೆ. 85ರಲ್ಲಿ ಬಿಲ್ಡ್ ಪೂರ್ತಿ. ಅದರ ಮೇಲೆ ಏರಿದ್ದೆಲ್ಲ ಕೊಸರು.

ಇದರಲ್ಲಿ ಇನ್ನೊಂದು ಅನುಕೂಲ ಆಮೇಲೆ ಗೊತ್ತಾಯಿತು. ಬ್ಲಿಝಾರ್ಡ್ ಸಿಗುವುದು ಲೆವೆಲ್ 24ಕ್ಕೆ. ಅಲ್ಲಿಯವರೆಗೆ ಪಾಯಿಂಟ್ ಕೂಡಿಟ್ಟು ಬರಿಗೈಲಿ ಆಡಬೇಕಾ? ಬೇಕಿಲ್ಲ. 2003ರ 1.10 ಪ್ಯಾಚ್‌ನಲ್ಲಿ ಸಿನರ್ಜಿ ಬಂದ ಮೇಲೆ, ಮೊದಲು ಬಳಸುವ ಸಣ್ಣ ಸ್ಕಿಲ್‌ಗೆ ಹಾಕಿದ ಪಾಯಿಂಟೇ ಮುಂದೆ ದೊಡ್ಡದಕ್ಕೆ ಬಲ ಕೊಡುತ್ತದೆ. ಹಾಗಾಗಿ ಆ ಮೂರರಲ್ಲೇ ಆಡುತ್ತಾ ಬಂದೆ. ಒಂದು ಪಾಯಿಂಟೂ ದಂಡ ಆಗಲಿಲ್ಲ.

ಸ್ಟ್ಯಾಟ್ ಲೆಕ್ಕವೂ ಇದೇ ಥರ, ಆದರೆ ಅಲ್ಲಿ ಶುರು ಮಾಡಬೇಕಾದ್ದು ಗೇರ್‌ನಿಂದ, ಅಂದರೆ ಪಾತ್ರ ತೊಡುವ ಸಾಮಾನಿನಿಂದ. ಸ್ಪಿರಿಟ್ ಎಂಬ ರೂನ್‌ವರ್ಡ್ (ಮಂತ್ರದ ಕಲ್ಲುಗಳ ಜೋಡಣೆ) ಹಾಕಿದ ಮೊನಾರ್ಕ್ ಶೀಲ್ಡ್ ನನಗೆ ಬೇಕಿತ್ತು. ಅದಕ್ಕೆ 156 ಸ್ಟ್ರೆಂತ್ ಇರಬೇಕು. ಸಾರ್ಸರೆಸ್ ಹುಟ್ಟುವುದೇ 10 ಸ್ಟ್ರೆಂತ್‌ನಲ್ಲಿ, ಪಾಪ. 85ರವರೆಗೆ ಕ್ವೆಸ್ಟ್‌ನದ್ದೂ ಸೇರಿ ಸಿಗುವ ಸ್ಟ್ಯಾಟ್ ಪಾಯಿಂಟ್ 435. ಶೀಲ್ಡ್‌ಗೆ 146 ಹೋದರೆ ಮಿಕ್ಕ 289 ವೈಟಾಲಿಟಿಗೆ. ಒಂದು ಪಾಯಿಂಟ್‌ಗೆ 2 ಲೈಫ್ ಅಂದರೆ 578. ಬೇರೆ ಗೇರ್‌ನಲ್ಲಿ ಸ್ಟ್ರೆಂತ್ ಸಿಕ್ಕಿದಷ್ಟೂ ಇಲ್ಲಿ ಉಳಿತಾಯ. ಎನರ್ಜಿಗೆ ಸೊನ್ನೆ. ಮೊದಲ ಪಾತ್ರದಲ್ಲಿ ಅಷ್ಟೊಂದು ಸುರಿದಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಆ ಸಾರ್ಸರೆಸ್ 88ರವರೆಗೆ ಹೋದಳು. ಹಿಮಕ್ಕೆ ಜಗ್ಗದ ರಾಕ್ಷಸರನ್ನು ಕಂಡಾಗ ಟೆಲಿಪೋರ್ಟ್ ಮಾಡಿ ಓಡಿಹೋಗುತ್ತಿದ್ದಳು. ಅದೂ ಪ್ಲಾನ್‌ನ ಭಾಗವೇ ಅಂತ ನನಗೆ ನಾನೇ ಹೇಳಿಕೊಂಡೆ.

ಗ್ರಿಮ್ ಡಾನ್ ಎಂಬ ಆಟ ಆಡುವಾಗ ಈ ಲೆಕ್ಕ ಬೇರೆ ಆಯಿತು. ಮೂಲ ಆಟದಲ್ಲಿ ಕ್ಯಾಪ್ 85 ಇತ್ತು, 2017ರ ಆಶಸ್ ಆಫ್ ಮಾಲ್ಮತ್ ಎಕ್ಸ್‌ಪಾನ್ಶನ್ ಅದನ್ನು 100 ಮಾಡಿತು. ಇಲ್ಲಿ ಕ್ಯಾಪ್ ಮುಟ್ಟುವುದು ತಪಸ್ಸೇನಲ್ಲ, ಸುಮ್ನೆ ಆಡುತ್ತಾ ಹೋದರೂ ಒಂದು ದಿನ ಮುಟ್ಟುತ್ತೀರಿ. ಆದರೆ ಪಾಯಿಂಟ್ ಎಲ್ಲ ಲೆವೆಲ್‌ನಲ್ಲೂ ಒಂದೇ ಸಮ ಸಿಗುವುದಿಲ್ಲ. ಲೆವೆಲ್ 50ರವರೆಗೆ ಮೂರು ಮೂರು, 90ರವರೆಗೆ ಎರಡೆರಡು, ಕೊನೆಯ ಹತ್ತರಲ್ಲಿ ಒಂದೊಂದೇ. ಕೂಡಿ ನೋಡಿದೆ. ಲೆವೆಲ್‌ಗಳಿಂದ ಬರುವ 237ರಲ್ಲಿ 147 ಪಾಯಿಂಟ್ 50ರ ಹೊತ್ತಿಗೇ ಕೈಯಲ್ಲಿರುತ್ತದೆ. 75ಕ್ಕೆ 197. ಕೊನೆಯ 25 ಲೆವೆಲ್‌ಗೆ ಬರೀ 40.

ಇದನ್ನು ನೋಡಿದ ಮೇಲೆ 75ರ ಹೊತ್ತಿಗೆ ಬಿಲ್ಡ್‌ನ ಎಲುಬೆಲ್ಲ ಕೂಡಿಸಿಬಿಡುವುದು ಅಂತ ಗೊತ್ತು ಮಾಡಿಕೊಂಡೆ. ಮುಖ್ಯ ಮಾಸ್ಟರಿ (ಪಾತ್ರದ ವಿದ್ಯೆಯ ವರ್ಗ) 50ಕ್ಕೆ ಏರಿಸಿ, ದಾಳಿಯ ಸ್ಕಿಲ್ ತುಂಬಿಸಿ, ಮಿಕ್ಕ ನಲವತ್ತನ್ನು ರಕ್ಷಣೆಗೆ ಇಟ್ಟೆ. ಎಡವಿದರೂ ಭಯ ಇಲ್ಲ, ಆಟದೊಳಗಿನ ಸ್ಪಿರಿಟ್ ಗೈಡ್‌ಗೆ ಕಾಸು ಕೊಟ್ಟರೆ ಸ್ಕಿಲ್ ಪಾಯಿಂಟ್ ವಾಪಸ್. ಆದರೂ ವಾಪಸ್ ಸಿಗುತ್ತದೆ ಅಂತ ಗೊತ್ತಿದ್ದಾಗ ನಾನು ಜಾಸ್ತಿ ಯೋಚಿಸುವುದಿಲ್ಲ, ಅದು ನನ್ನ ದೌರ್ಬಲ್ಯ. ಡಯಾಬ್ಲೊ 2ರಲ್ಲಿ ಒಂದು ಪಾಯಿಂಟ್ ಒತ್ತುವ ಮೊದಲು ಬೆರಳು ನಡುಗುತ್ತಿತ್ತು. ಆ ನಡುಕ ನನಗಿಷ್ಟ.

ಎಲ್ಡನ್ ರಿಂಗ್‌ನಲ್ಲಿ ಕ್ಯಾಪ್ 713. ಎಂಟೂ ಸ್ಟ್ಯಾಟ್‌ಗಳು 99 ಮುಟ್ಟಿದಾಗ ಬರುವ ಸಂಖ್ಯೆ ಅದು, ಅದಕ್ಕಿಂತ ಬೇರೆ ಅರ್ಥ ಇಲ್ಲ. ಅಲ್ಲಿ ನೋಡಬೇಕಾದ್ದು ಸಾಫ್ಟ್ ಕ್ಯಾಪ್, ಅಂದರೆ ಹಾಕಿದ ಪಾಯಿಂಟ್‌ಗೆ ಪ್ರತಿಫಲ ಇಳಿಯಲು ಶುರುವಾಗುವ ಜಾಗ. ವಿಗರ್, ಅಂದರೆ ಜೀವಬಲದ ಸ್ಟ್ಯಾಟ್, 40 ಇದ್ದರೆ 1450 ಎಚ್‌ಪಿ (ಲೈಫ್). 60ಕ್ಕೆ ಒಯ್ದರೆ 1900. ಅಲ್ಲಿಂದ 99ಕ್ಕೆ ಒಯ್ದರೆ? 2100. ಇಪ್ಪತ್ತು ಪಾಯಿಂಟ್‌ಗೆ 450 ಕೊಟ್ಟ ಆಟ ಮುಂದಿನ 39 ಪಾಯಿಂಟ್‌ಗೆ ಕೊಡುವುದು ಬರೀ 200. ನಾನು 60ಕ್ಕೆ ನಿಲ್ಲಿಸಿದೆ, ಕತ್ತಿಗೆ ಬೇಕಾದ ಸ್ಟ್ಯಾಟ್ ಏರಿಸಿದೆ, ಲೆವೆಲ್ 150ರಲ್ಲಿ ಆಟ ಮುಗಿಸಿದೆ.

ಇಷ್ಟೆಲ್ಲ ಲೆಕ್ಕ ಕಲಿತವನು ಪಾತ್ ಆಫ್ ಎಕ್ಸೈಲ್‌ನಲ್ಲಿ ಮತ್ತೆ ಹಳ್ಳಕ್ಕೆ ಬಿದ್ದೆ. ಅದರ ಕ್ಯಾಪ್ 100. ನನ್ನ ಪ್ಲಾನ್ 92ಕ್ಕೆ ಮುಗಿಯುವಂತಿತ್ತು, ಅಲ್ಲಿಗೆ ಪಾತ್ರ ಗಟ್ಟಿಯಾಗಿಯೇ ಇತ್ತು. ಆದರೂ ಒಂದು ಹಠ ಬಂತು. ಒಮ್ಮೆಯಾದರೂ ಯಾವುದಾದರೂ ಆಟದಲ್ಲಿ ನಿಜವಾದ ಕ್ಯಾಪ್ ಮುಟ್ಟಬೇಕು, ಅಲ್ವಾ?

ಅಲ್ಲಿ ಎಕ್ಸ್‌ಪಿ ನಿಮ್ಮ ಲೆವೆಲ್‌ಗೂ ರಾಕ್ಷಸರ ಲೆವೆಲ್‌ಗೂ ಇರುವ ಅಂತರ ನೋಡಿ ಕಡಿತ ಆಗುತ್ತದೆ. ಮ್ಯಾಪ್ ಅಂದರೆ ಕಥೆ ಮುಗಿದ ಮೇಲೆ ಆಡುವ ಪ್ರದೇಶ. ಟಿಯರ್ 16 ಮ್ಯಾಪ್ ಅಂದರೂ ಏರಿಯಾ ಲೆವೆಲ್ 83 ಮಾತ್ರ. ತೊಂಬತ್ತು ದಾಟಿದವನಿಗೆ ಅಲ್ಲಿ ಸಿಗುವುದು ತುಣುಕು. ಮ್ಯಾಪ್‌ನಲ್ಲಿ ಸತ್ತರೆ 10% ಹೋಯಿತು, ಹೆಣ ಎತ್ತಿಕೊಂಡು ವಾಪಸ್ ಪಡೆಯುವ ಅವಕಾಶವೂ ಇಲ್ಲ. ಲೆವೆಲ್ ಮಾತ್ರ ಇಳಿಯುವುದಿಲ್ಲ.

ಹಾಗಾಗಿ ಆಡುವ ರೀತಿಯನ್ನೇ ಬದಲಿಸಿದೆ. ಮ್ಯಾಪ್ ತೆರೆಯುವ ಮೊದಲು ಅದರ ಮಾಡ್‌ಗಳನ್ನು, ಅಂದರೆ ಕಷ್ಟ ಹೆಚ್ಚಿಸುವ ಷರತ್ತುಗಳನ್ನು, ಒಂದೊಂದಾಗಿ ಓದುವುದು. ಅಪಾಯ ಅನಿಸಿದರೆ ಪಕ್ಕಕ್ಕಿಡುವುದು. ಬಾಸ್ ಬಾಗಿಲಿನವರೆಗೆ ಹೋಗಿ ವಾಪಸ್ ಬರುವುದು. ದಾಳಿಗೆ ಹಾಕಿದ್ದ ಕೆಲವು ಪಾಯಿಂಟ್ ಕಿತ್ತು ಲೈಫ್‌ಗೆ ಹಾಕಿದೆ. ನಿದ್ದೆ ಬಂದ ಕೂಡಲೇ ಆಟ ನಿಲ್ಲಿಸುವುದು ಅಂತಲೂ ಒಂದು ನಿಯಮ ಮಾಡಿಕೊಂಡೆ. ನನ್ನ ಸಾವುಗಳಲ್ಲಿ ಹೆಚ್ಚಿನವು ರಾತ್ರಿ ಇದೊಂದೇ ಮ್ಯಾಪ್ ಅಂದುಕೊಂಡಾಗ ಆಗಿದ್ದವು.

97ಕ್ಕೆ ಬಂದೆ. ಮುಂದಿನ ಲೆವೆಲ್‌ನ ಎಕ್ಸ್‌ಪಿ ಪಟ್ಟಿ 64% ಆಗಿತ್ತು. ಒಂದು ರಾತ್ರಿ ನಿಯಮ ಮುರಿದೆ. ಮೂರು ಸಲ ಸತ್ತೆ. ಪಟ್ಟಿ 34%ಕ್ಕೆ ಇಳಿಯಿತು. ಹಲವು ದಿನಗಳ ಆಟ ಅದು. ನೂರು ಮುಟ್ಟಿದರೆ ಸಿಗುವುದು ಏನು ಅಂತ ಆಗ ನೋಡಿದೆ. ಎರಡನೇ ಲೆವೆಲ್‌ಗೆ ಸಿಕ್ಕಿತ್ತಲ್ಲ, ಅಂಥದ್ದೇ ಒಂದು ಪ್ಯಾಸಿವ್ ಪಾಯಿಂಟ್.

ಆ ಪಾತ್ರ ಇನ್ನೂ 97ರಲ್ಲೇ ಇದೆ. ನೋಟ್‌ಬುಕ್‌ನಲ್ಲಿ ಅದರ ಪುಟದ ಮೇಲೆ 92 ಅಂತಲೇ ಬರೆದಿದೆ, ನಾನು ತಿದ್ದಿಲ್ಲ.